ಡಾ. ಆಲ್ಬರ್ಟ್ ಸೇಬಿನ್: ಎರಡು ಹನಿ ಲಸಿಕೆ ಮತ್ತು ಚರಂಡಿ ನೀರಿನ ವೈರಾಣು

ಪಲ್ಸ್ ಪೋಲಿಯೋ ದಿನದಂದು ಐದು ವರ್ಷದೊಳಗಿನ ಮಕ್ಕಳಿಗೆ ಬೂತುಗಳಲ್ಲಿ ಹಾಕಲಾಗುವ ಎರಡು ಹನಿ ಲಸಿಕೆಯನ್ನು ರೂಪಿಸಿದವರು ಡಾ. ಆಲ್ಬರ್ಟ್ ಬ್ರೂಸ್ ಸೇಬಿನ್. ಮಗುವಿನ ಲಸಿಕೆಗಾಗಿ ಆರೋಗ್ಯ ಕೇಂದ್ರಕ್ಕೆ ಬರುವ ಪೋಷಕರಲ್ಲಿ ಹಲವರು ಈ ಲಸಿಕೆಯನ್ನು ಬಾಯಿಗೇ ಏಕೆ ಹಾಕಬೇಕು, ಚುಚ್ಚುಮದ್ದು ಪಡೆದ ಮಗುವಿಗೂ ಹನಿ ಏಕೆ ಬೇಕು ಎಂದು ವಿಚಾರಿಸುವುದುಂಟು. ಇದಕ್ಕೆ ಉತ್ತರವು ಇವರ ಜೀವನ ವೃತ್ತಾಂತದಲ್ಲಿಯೇ ಇರುವುದರಿಂದ ಸಾರ್ವಜನಿಕರ ಮಾಹಿತಿಗಾಗಿ ಅದನ್ನು ಇಲ್ಲಿ ನೀಡಲಾಗಿದೆ.

ಸೇಬಿನ್ ಅವರು 1906ರ ಆಗಸ್ಟ್ 26ರಂದು ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಪೋಲೆಂಡ್ ದೇಶದಲ್ಲಿರುವ ಬಿಯಾಲಿಸ್ಟಾಕ್ ಪಟ್ಟಣದ ಯಹೂದಿ ಕುಟುಂಬದಲ್ಲಿ ಜನಿಸಿದರು. 1921ರಲ್ಲಿ ಕುಟುಂಬವು ಅಮೆರಿಕೆಗೆ ವಲಸೆ ಹೋಗಿ, ರೇಷ್ಮೆ ಗಿರಣಿಗಳಿಗೆ ಹೆಸರಾಗಿದ್ದ ನ್ಯೂಜರ್ಸಿಯ ಪ್ಯಾಟರ್ಸನ್‌ನಲ್ಲಿ ನೆಲೆಸಿತು. ದಂತವೈದ್ಯರಾಗಿದ್ದ ಬಂಧುವೊಬ್ಬರ ನೆರವಿನಿಂದ ದಂತವೈದ್ಯ ಶಿಕ್ಷಣಕ್ಕೆ ಸೇರಿದ ಇವರು, ಸೂಕ್ಷ್ಮಜೀವಿ ಸಂಶೋಧಕರನ್ನು ಕುರಿತ ಪುಸ್ತಕವೊಂದನ್ನು ಓದಿದ ನಂತರ ವೈದ್ಯಕೀಯದ ಕಡೆಗೆ ತಿರುಗಿದರು. 1931ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಅದೇ ವರ್ಷದ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಪೋಲಿಯೋ ಸಾಂಕ್ರಾಮಿಕವಾಗಿ ಹರಡಿತು. ಮುಂದಿನ ಮೂರು ದಶಕಗಳ ಕಾಲ ಇವರ ಶ್ರಮದ ಬಹುಭಾಗ ಈ ರೋಗಕ್ಕೇ ಮೀಸಲಾಯಿತು.

ಪೋಲಿಯೋ ವೈರಾಣು ಮೂಗಿನ ಮೂಲಕ ದೇಹವನ್ನು ಪ್ರವೇಶಿಸಿ ನೇರವಾಗಿ ನರಮಂಡಲವನ್ನು ತಲುಪುತ್ತದೆ ಎಂಬುದು ಆ ಕಾಲದ ಪ್ರಬಲ ನಂಬಿಕೆಯಾಗಿತ್ತು. 1936ರಲ್ಲಿ ಸೇಬಿನ್ ಹಾಗೂ ಪೀಟರ್ ಒಲಿಟ್ಸ್ಕಿ ಅವರು ಈ ವೈರಾಣು ನರ ಅಂಗಾಂಶದಲ್ಲಿ ಮಾತ್ರ ಬೆಳೆಯುತ್ತದೆಂದು ವರದಿ ಮಾಡಿದರು. ಈ ತೀರ್ಮಾನವು ತಪ್ಪಾಗಿತ್ತು. ಪ್ರಯೋಗಾಲಯದಲ್ಲಿ ದೀರ್ಘಕಾಲ ಕೋತಿಗಳ ನರ ಅಂಗಾಂಶದಲ್ಲಿ ಬೆಳೆಸಲಾಗಿದ್ದ ತಳಿಯೊಂದನ್ನು ಅವರು ಬಳಸಿದ್ದರು. ಆದರೆ ತಮ್ಮ ತಪ್ಪನ್ನು ತಿದ್ದುವ ಸಾಕ್ಷ್ಯವನ್ನು ಹುಡುಕಿದವರಲ್ಲಿ ಸೇಬಿನ್ ಸ್ವತಃ ಒಬ್ಬರು ಎಂಬುದು ಗಮನಾರ್ಹ. 1939ರಲ್ಲಿ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯನ್ನು ಸೇರಿದ ಅವರು, ರಾಬರ್ಟ್ ವಾರ್ಡ್ ಅವರೊಂದಿಗೆ ಪೋಲಿಯೋದಿಂದ ಮೃತಪಟ್ಟವರ ಶರೀರಗಳನ್ನು ಪರೀಕ್ಷಿಸಿ, ವೈರಾಣುವು ಕರುಳಿನಲ್ಲಿ ಹೇರಳವಾಗಿದ್ದು ಮೂಗಿನ ನರಮಾರ್ಗದಲ್ಲಿ ಇಲ್ಲವೆಂದು 1941ರಲ್ಲಿ ಪ್ರಕಟಿಸಿದರು. ಅದೇ ಸುಮಾರಿಗೆ ಯೇಲ್ ವಿಶ್ವವಿದ್ಯಾಲಯದ ಜಾನ್ ಪಾಲ್ ಮತ್ತು ಜೇಮ್ಸ್ ಟ್ರಾಸ್ಕ್ ಅವರು ನಗರಗಳ ಚರಂಡಿ ನೀರಿನಲ್ಲಿ ಪೋಲಿಯೋ ವೈರಾಣುವನ್ನು ಪತ್ತೆ ಮಾಡಿದ್ದರು. ರೋಗಿಯ ಮಲದಿಂದ ನೀರಿಗೆ, ಕೈಗೆ, ಆಹಾರಕ್ಕೆ, ಅಲ್ಲಿಂದ ಮತ್ತೊಂದು ಮಗುವಿನ ಬಾಯಿಗೆ ಎಂಬ ಸರಪಳಿ ಹೀಗೆ ಸ್ಪಷ್ಟವಾಯಿತು.

ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಸೇಬಿನ್ ಅವರು ಸೇನಾ ವೈದ್ಯಕೀಯ ದಳದಲ್ಲಿ ಸೇವೆ ಸಲ್ಲಿಸಿ, ಡೆಂಗೆ ಜ್ವರದ ವೈರಾಣುವಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆ ಎಂಬುದನ್ನು ತೋರಿಸಿಕೊಟ್ಟರು.

1955ರಲ್ಲಿ ಡಾ. ಜೋನಾಸ್ ಸಾಲ್ಕ್ ಅವರ ಚುಚ್ಚುಮದ್ದಿನ ಲಸಿಕೆ ಬಳಕೆಗೆ ಬಂದಿತು. ಕೊಲ್ಲಲ್ಪಟ್ಟ ವೈರಾಣುವಿನಿಂದ ತಯಾರಾದ ಈ ಲಸಿಕೆಯು ಮಗುವನ್ನು ಪಾರ್ಶ್ವವಾಯುವಿನಿಂದ ಚೆನ್ನಾಗಿ ರಕ್ಷಿಸುತ್ತದೆ. ಆದರೆ ಕರುಳಿನಲ್ಲಿ ಅದು ನೀಡುವ ರಕ್ಷಣೆ ಕಡಿಮೆ. ಲಸಿಕೆ ಪಡೆದ ಮಗು ತಾನು ಆರೋಗ್ಯವಾಗಿದ್ದರೂ ಮಲದ ಮೂಲಕ ವೈರಾಣುವನ್ನು ಹೊರಹಾಕುತ್ತಿರಬಹುದು. ಮುಚ್ಚಿದ ಒಳಚರಂಡಿ ಇರುವ ಊರಿನಲ್ಲಿ ಇದು ಸಣ್ಣ ಕೊರತೆ, ತೆರೆದ ಚರಂಡಿಯ ಪಕ್ಕದಲ್ಲಿ ಮಕ್ಕಳು ಆಡುವ ಬಡಾವಣೆಯಲ್ಲಿ ದೊಡ್ಡ ಕೊರತೆ. ಸೇಬಿನ್ ಅವರು ಶಕ್ತಿಗುಂದಿಸಿದ ಜೀವಂತ ವೈರಾಣುವನ್ನೇ ಬಾಯಿಯ ಮೂಲಕ ನೀಡಿ, ಕರುಳಿನ ಗೋಡೆಯಲ್ಲಿಯೇ ಪ್ರತಿರೋಧ ಉಂಟುಮಾಡುವ ಮಾರ್ಗವನ್ನು ಆರಿಸಿಕೊಂಡರು. ಸಿರಿಂಜು ಬೇಕಿಲ್ಲದ, ಅಗ್ಗದ ಈ ಲಸಿಕೆಯನ್ನು ತರಬೇತಿ ಪಡೆದ ಸ್ವಯಂಸೇವಕರೂ ಹಾಕಬಹುದಾಗಿತ್ತು.

ಲಸಿಕೆಯನ್ನು ಮೊದಲು ಅವರು ತಾವೂ ಕುಡಿದು, ಪತ್ನಿ ಹಾಗೂ ಹೆಣ್ಣುಮಕ್ಕಳಿಗೂ ಕೊಟ್ಟರು. ಒಹಾಯೊ ರಾಜ್ಯದ ಚಿಲಿಕಾಥಿ ಸೆರೆಮನೆಯ ಕೈದಿಗಳೂ ಸ್ವಯಂಪ್ರೇರಿತರಾಗಿ ಪ್ರಯೋಗಕ್ಕೆ ಒಳಪಟ್ಟರು. ಕೈದಿಗಳ ಮೇಲೆ ಇಂತಹ ಪ್ರಯೋಗಕ್ಕೆ ಇಂದಿನ ನಿಯಮಗಳಲ್ಲಿ ಸುಲಭವಾಗಿ ಅನುಮತಿ ದೊರೆಯದು. ಸಾಲ್ಕ್ ಲಸಿಕೆ ಆಗಲೇ ವ್ಯಾಪಕವಾಗಿದ್ದ ಅಮೆರಿಕೆಯಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆಗೆ ಅವಕಾಶವಿರಲಿಲ್ಲ. ಶೀತಲ ಸಮರದ ಆ ದಿನಗಳಲ್ಲಿಯೂ ಅವರು ತಮ್ಮ ತಳಿಗಳನ್ನು ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚುಮಕೋವ್ ಮುಂತಾದವರಿಗೆ ನೀಡಿದರು. 1959ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಈ ಲಸಿಕೆ ಹಾಕಲಾಯಿತು. 1960ರ ಏಪ್ರಿಲ್ 24ರ ಭಾನುವಾರ ಸಿನ್ಸಿನಾಟಿಯಲ್ಲಿ ಸಾರ್ವಜನಿಕ ಲಸಿಕಾ ಕಾರ್ಯಕ್ರಮ ಆರಂಭವಾಯಿತು. 1961ರಿಂದ 1963ರ ನಡುವೆ ಅಮೆರಿಕ ಸರ್ಕಾರದ ಪರವಾನಗಿಗಳು ದೊರೆತವು. ಸೇಬಿನ್ ಅವರು ಲಸಿಕೆಗೆ ಪೇಟೆಂಟ್ ಪಡೆಯಲಿಲ್ಲ. 1972ರಲ್ಲಿ ತಮ್ಮ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒಪ್ಪಿಸಿದರು.

ಬಡ ದೇಶಗಳಲ್ಲಿ ವರ್ಷವಿಡೀ ಅಲ್ಲಲ್ಲಿ ಲಸಿಕೆ ಹಾಕುವುದಕ್ಕಿಂತ, ಇಡೀ ದೇಶದ ಮಕ್ಕಳಿಗೆ ಒಂದೇ ದಿನ ಹಾಕಿ ವೈರಾಣುವಿಗೆ ನೆಲೆ ಇಲ್ಲದಂತೆ ಮಾಡಬೇಕೆಂಬುದು ಅವರ ವಾದವಾಗಿತ್ತು. 1962ರಲ್ಲಿ ಕ್ಯೂಬಾ ಈ ಲಸಿಕೆಯ ರಾಷ್ಟ್ರವ್ಯಾಪಿ ಅಭಿಯಾನ ನಡೆಸಿತು. 1980ರಲ್ಲಿ ಬ್ರೆಜಿಲ್ ರಾಷ್ಟ್ರೀಯ ಲಸಿಕಾ ದಿನಗಳನ್ನು ಆರಂಭಿಸಿತು. ಅಲ್ಲಿಗೆ ಸಲಹೆಗಾರರಾಗಿ ಹೋಗಿದ್ದ ಸೇಬಿನ್ ಅವರು ರೋಗದ ಅಂಕಿಅಂಶಗಳ ವಿಷಯದಲ್ಲಿ ಅಧಿಕಾರಿಗಳೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ ಹೊರಬಂದರು. ಮೃದುವಾಗಿ ಮಾತನಾಡುವುದು ಅವರ ಸ್ವಭಾವವಾಗಿರಲಿಲ್ಲ. 1993ರ ಮಾರ್ಚ್ 3ರಂದು ತಮ್ಮ 86ನೇ ವಯಸ್ಸಿನಲ್ಲಿ ಅವರು ವಾಷಿಂಗ್ಟನ್‌ನಲ್ಲಿ ನಿಧನರಾದರು. ಭಾರತದಲ್ಲಿ ಪಲ್ಸ್ ಪೋಲಿಯೋ ಆರಂಭವಾದದ್ದು ಅದಾದ ಎರಡು ವರ್ಷಗಳ ನಂತರ, 1995ರಲ್ಲಿ.

ಅವರ ಲಸಿಕೆಯ ಮಿತಿಗಳೂ ಚರಂಡಿಯೊಂದಿಗೇ ಸಂಬಂಧ ಹೊಂದಿವೆ. ಉಷ್ಣವಲಯದ ಬಡ ಮಕ್ಕಳಲ್ಲಿ ಕೆಲವೇ ಹನಿಗಳಿಂದ ಪೂರ್ಣ ರಕ್ಷಣೆ ದೊರೆಯುವುದಿಲ್ಲ ಎಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1970ರ ದಶಕದಲ್ಲಿಯೇ ತೋರಿಸಿದ್ದರು. ಮತ್ತೆ ಮತ್ತೆ ಹನಿ ಹಾಕುವುದಕ್ಕೆ ಇದೇ ಕಾರಣ. ಲಸಿಕೆಯ ವೈರಾಣುವೂ ಮಲದ ಮೂಲಕ ಹೊರಬರುತ್ತದೆ. ಲಸಿಕೆ ಪಡೆಯದ ಮಕ್ಕಳು ಹೆಚ್ಚಿರುವ ಕಡೆ ಅದು ಮಗುವಿನಿಂದ ಮಗುವಿಗೆ ಹರಡುತ್ತಾ ಮತ್ತೆ ಪಾರ್ಶ್ವವಾಯು ತರುವ ಶಕ್ತಿ ಪಡೆಯಬಹುದು. ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯದಲ್ಲಿ 2000ದಲ್ಲಿ ಹೀಗಾಯಿತು.

ಸೋಂಕಿತರಾದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಉಂಟಾಗುವುದರಿಂದ, ರೋಗಿಗಳನ್ನು ಎಣಿಸಿ ವೈರಾಣುವಿನ ಇರುವಿಕೆಯನ್ನು ತಿಳಿಯಲಾಗದು. ಆದ್ದರಿಂದ ಚರಂಡಿ ನೀರಿನ ಮಾದರಿಗಳನ್ನು ನಿಯಮಿತವಾಗಿ ಸಂಗ್ರಹಿಸಿ ಪರೀಕ್ಷಿಸುವ ಕಾರ್ಯವು ಭಾರತದಲ್ಲಿ 2001ರಲ್ಲಿ ಮುಂಬೈನಿಂದ ಪ್ರಾರಂಭವಾಯಿತು. ದೇಶದ ಚರಂಡಿ ನೀರಿನಲ್ಲಿ ಕಾಡು ಪೋಲಿಯೋ ವೈರಾಣು ಕೊನೆಯದಾಗಿ ಕಂಡದ್ದು 2010ರ ನವೆಂಬರ್‌ನಲ್ಲಿ. ಕೊನೆಯ ರೋಗಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ವರದಿಯಾದ ಮಗು. 2014ರ ಮಾರ್ಚ್ 27ರಂದು ಭಾರತವನ್ನು ಒಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋ ಮುಕ್ತವೆಂದು ಘೋಷಿಸಲಾಯಿತು. 2016ರ ಏಪ್ರಿಲ್‌ನಲ್ಲಿ ಹನಿ ಲಸಿಕೆಯಿಂದ ಎರಡನೇ ಬಗೆಯ ವೈರಾಣುವನ್ನು ಕೈಬಿಡಲಾಯಿತು. ಅದೇ ಜೂನ್‌ನಲ್ಲಿ ಹೈದರಾಬಾದ್ ಪ್ರದೇಶದ ಚರಂಡಿ ನೀರಿನಲ್ಲಿ ಲಸಿಕೆಯಿಂದ ಹುಟ್ಟಿದ ಎರಡನೇ ಬಗೆಯ ವೈರಾಣು ಕಂಡುಬಂದಾಗ, ಒಂದು ಮಗುವಿಗೂ ಪಾರ್ಶ್ವವಾಯು ತಗಲುವ ಮೊದಲೇ ಅಲ್ಲಿನ ಲಕ್ಷಾಂತರ ಮಕ್ಕಳಿಗೆ ಚುಚ್ಚುಮದ್ದು ನೀಡಲಾಯಿತು. 2022ರಲ್ಲಿ ಲಂಡನ್ನಿನ ಚರಂಡಿ ನೀರಿನಲ್ಲಿಯೂ, 2024ರಲ್ಲಿ ಯುದ್ಧಪೀಡಿತ ಗಾಜಾದ ಚರಂಡಿ ನೀರಿನಲ್ಲಿಯೂ ಇಂತಹ ವೈರಾಣು ಪತ್ತೆಯಾಯಿತು. ಗಾಜಾದಲ್ಲಿ ಆ ನಂತರ ಹತ್ತು ತಿಂಗಳ ಮಗುವೊಂದು ಪಾರ್ಶ್ವವಾಯುವಿಗೆ ತುತ್ತಾಯಿತು.

ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಂತೆ ಪೋಲಿಯೋ ಹನಿಯನ್ನು ಜನನದ ಸಮಯದಲ್ಲಿ, 6, 10 ಮತ್ತು 14ನೇ ವಾರಗಳಲ್ಲಿ ಹಾಗೂ 16ರಿಂದ 24 ತಿಂಗಳ ಅವಧಿಯಲ್ಲಿ ಹಾಕಲಾಗುತ್ತದೆ. ಚುಚ್ಚುಮದ್ದನ್ನು 6 ಮತ್ತು 14ನೇ ವಾರ ಹಾಗೂ 9 ತಿಂಗಳು ತುಂಬಿದಾಗ ನೀಡಲಾಗುತ್ತದೆ. ಎರಡೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಲಭ್ಯವಿದ್ದು, ಪೋಷಕರು ತಾಯಿ ಕಾರ್ಡನ್ನು ತಪ್ಪದೆ ತರತಕ್ಕದ್ದು.