ಸೀಸದ ಮುದ್ರೆಯಲ್ಲಿ ಉಳಿದ ದಂಡನಾಯಕ ಫಿಲಾರೆತೋಸ್

ಅರಗಿನ ಮುದ್ರೆ ಒತ್ತಿದ ಲಕೋಟೆಗಳನ್ನು ನಮ್ಮಲ್ಲಿ ಹಿರಿಯರಾದವರು ನೋಡಿರಬಹುದು. ಬೈಜಾಂಟಿಯನ್ ಸಾಮ್ರಾಜ್ಯದಲ್ಲಿ ಆ ಕೆಲಸಕ್ಕೆ ಸೀಸವನ್ನು ಬಳಸುತ್ತಿದ್ದರು. ಮಡಚಿದ ಪತ್ರಕ್ಕೆ ದಾರ ಕಟ್ಟಿ, ಅದನ್ನು ಸೀಸದ ಬಿಲ್ಲೆಯೊಳಗೆ ಹಾಯಿಸಿ, ಇಕ್ಕಳದಂಥ ಕಬ್ಬಿಣದ ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದರೆ ಎರಡೂ ಬದಿಗಳಲ್ಲಿ ಅಚ್ಚು ಮೂಡುತ್ತಿತ್ತು. ಒಂದು ಬದಿಗೆ ಹೆಚ್ಚಾಗಿ ಸಂತರೊಬ್ಬರ ಚಿತ್ರ, ಇನ್ನೊಂದು ಬದಿಗೆ ಒಡೆಯನ ಹೆಸರು ಮತ್ತು ಪದವಿ. ಪತ್ರಗಳು ನಾಶವಾದವು, ಬಿಲ್ಲೆಗಳು ಉಳಿದವು.

ಅರ್ಮೇನಿಯನ್ ಮೂಲದ ದಂಡನಾಯಕ ಫಿಲಾರೆತೋಸ್ ಬ್ರಖಾಮಿಯೋಸನ ಇಂತಹ ಹಲವು ಮುದ್ರೆಗಳು ದೊರೆತಿವೆ. ಅವುಗಳನ್ನು ಸಾಲಾಗಿ ಓದಿದರೆ ಆತನ ಏಳಿಗೆಯೇ ಕಾಣುತ್ತದೆ. ಮೊದಲಿನವುಗಳಲ್ಲಿ ಸಾಧಾರಣ ಸೇನಾ ಹುದ್ದೆಗಳು. ನಂತರ ಕುರೊಪಲಾಟಿಸ್, ಪೂರ್ವದ ಸೇನೆಗಳ ಮಹಾದಂಡನಾಯಕ, ಕೊನೆಗೆ ಪ್ರೊಟೊಸೆಬಾಸ್ತೋಸ್ ಎಂಬ ಬಹು ದೊಡ್ಡ ಬಿರುದು.

1071ರಲ್ಲಿ ಮಾಂಜಿಕರ್ಟ್ ಯುದ್ಧದಲ್ಲಿ ಚಕ್ರವರ್ತಿ ನಾಲ್ಕನೇ ರೊಮಾನೋಸ್ ಸೆಲ್ಜುಕ್ ತುರ್ಕರ ಕೈಗೆ ಸೆರೆಸಿಕ್ಕಿದನು. ಬಿಡುಗಡೆಯಾಗಿ ಬಂದವನನ್ನು ಸ್ವಂತ ಜನರೇ ಪದಚ್ಯುತಗೊಳಿಸಿ ಕಣ್ಣು ಕೀಳಿಸಿದರು. ಹೊಸ ಚಕ್ರವರ್ತಿ ಏಳನೇ ಮಿಖಾಯೇಲನನ್ನು ಫಿಲಾರೆತೋಸ್ ಒಪ್ಪಲಿಲ್ಲ. ಟೌರಸ್ ಬೆಟ್ಟಸಾಲಿನ ಬಳಿಯ ಮರಾಶ್ ಪಟ್ಟಣವನ್ನು ನೆಲೆ ಮಾಡಿಕೊಂಡು, ತುರ್ಕರಿಗೆ ಬೆದರಿ ಬಂದ ಅರ್ಮೇನಿಯನ್ನರನ್ನು ಕೂಡಿಸಿಕೊಂಡು ತಾನೇ ಆಳತೊಡಗಿದನು. 1077ರಲ್ಲಿ ಎದೆಸ್ಸ, ಮರುವರ್ಷ ಅಂತಿಯೋಕ್ಯ ಆತನ ಕೈಸೇರಿದವು. ಯೇಸುವಿನ ಶಿಷ್ಯರನ್ನು ಮೊತ್ತಮೊದಲು ಕ್ರೈಸ್ತರೆಂದು ಕರೆದ ಅದೇ ಅಂತಿಯೋಕ್ಯ. 1078ರಲ್ಲಿ ಪಟ್ಟಕ್ಕೆ ಬಂದ ಮೂರನೇ ನಿಕೆಫೋರೋಸನಿಗೆ ಮಾತ್ರ ಆತ ತಲೆಬಾಗಿದನು.

ಚರಿತ್ರೆ ಬರೆದ ಕೆಲವರು ಆತನ ಬಗ್ಗೆ ಒಳ್ಳೆಯ ಮಾತು ಆಡಿಲ್ಲ. ಎದೆಸ್ಸದ ಅರ್ಮೇನಿಯನ್ ಸನ್ಯಾಸಿ ಮತ್ತಾಯನಂತೂ ಕಟುವಾಗಿ ನಿಂದಿಸುತ್ತಾನೆ. ಫಿಲಾರೆತೋಸ್ ಕಾಲ್ಸೆಡಾನಿನ ಮಹಾಸಭೆಯನ್ನು ಒಪ್ಪಿದ ಪಂಗಡದವನು, ಮತ್ತಾಯ ಒಪ್ಪದವನು. ಸಾಲದೆಂಬಂತೆ, ಅರ್ಮೇನಿಯನ್ ಸಭೆಯ ಮಹಾಪಾಲಕ ಎರಡನೇ ಗ್ರಿಗೋರ್ ತನ್ನ ಬಳಿ ಬಂದು ನೆಲೆಸಲಿಲ್ಲವೆಂದು ಫಿಲಾರೆತೋಸ್ ಬೇರೊಬ್ಬ ಮಹಾಪಾಲಕನನ್ನೇ ನೇಮಿಸಿದ್ದನು. ಅಧಿಕಾರಸ್ಥರು ಧರ್ಮಸಭೆಯಲ್ಲಿ ಕೈಹಾಕುವ ಈ ಚಾಳಿಯನ್ನು ನಾವು ಸಮರ್ಥಿಸಲಾರೆವು. ಆದರೂ ಮತ್ತಾಯನ ಮಾತುಗಳನ್ನು ಸ್ವಲ್ಪ ತೂಗಿಯೇ ಓದಬೇಕು.

1084ರ ಡಿಸೆಂಬರಿನಲ್ಲಿ ಸುಲೇಮಾನ್ ಅಂತಿಯೋಕ್ಯವನ್ನು ಹಿಡಿದನು. ಫಿಲಾರೆತೋಸ್ ಮತಾಂತರಕ್ಕೆ ಸಿದ್ಧನಾದುದರಿಂದ ನೊಂದ ಮಗನೇ ಹೋಗಿ ಸುಲೇಮಾನನನ್ನು ಕರೆತಂದನೆಂದು ರಾಜಕುಮಾರಿ ಅನ್ನಾ ಕೊಮ್ನೆನೆ ಬರೆಯುತ್ತಾಳೆ. ಮತ್ತಾಯನ ಪ್ರಕಾರ, ಉಳಿದ ಊರುಗಳಾದರೂ ಕೈತಪ್ಪದಿರಲೆಂದು ಫಿಲಾರೆತೋಸ್ ಸುಲ್ತಾನ ಮಲಿಕ್ ಷಾನ ಬಳಿ ಹೋಗಿ ವಿಶ್ವಾಸವನ್ನೇ ತೊರೆದನು. ಕೆಲವೇ ವರ್ಷಗಳಲ್ಲಿ ಎದೆಸ್ಸವೂ ಕೈಬಿಟ್ಟಿತು. ಮುದ್ರೆಗಳಲ್ಲಿ ಮಾತ್ರ ಆತ ಇಂದಿಗೂ ಕ್ರೈಸ್ತ ಸಾಮ್ರಾಜ್ಯದ ಅಧಿಕಾರಿ.

ಆತನ ಕೈಕೆಳಗೆ ದುಡಿದವರು ಆ ಊರುಗಳಲ್ಲಿ ಹೇಗೋ ಉಳಿದುಕೊಂಡರು. 1098ರಲ್ಲಿ ಶಿಲುಬೆ ಯುದ್ಧದ ಬಾಲ್ಡ್ವಿನ್ ಎದೆಸ್ಸಕ್ಕೆ ಬಂದಾಗ ಆತನನ್ನು ದತ್ತುಮಗನಾಗಿ ಸ್ವೀಕರಿಸಿದ ತೋರೋಸ್ ಅಂಥವರಲ್ಲಿ ಒಬ್ಬನು.