96ರಲ್ಲಿ ಸೊಂಟದ ಮೂಳೆ ಮುರಿದರೂ ಯೋಗ ಬಿಡದ ಕೃಷ್ಣಮಾಚಾರ್ಯ

ಕಲ್ಯ: ಬೈಕಿನಿಂದ ಬಿದ್ದೋ, ಬಚ್ಚಲಲ್ಲಿ ಜಾರಿಯೋ ಮೂಳೆ ಮುರಿದುಕೊಂಡವರು ಪ್ರತಿ ಊರಲ್ಲೂ ಸಿಗುತ್ತಾರೆ. ಕಟ್ಟು ಹಾಕಿಸಿಕೊಂಡು ಮಲಗಿದರೆ ಒಂದೆರಡು ತಿಂಗಳಲ್ಲಿ ಹೊಟ್ಟೆ ಮುಂದೆ ಬರುತ್ತೆ, ಕಾಲು ಸಣ್ಣಗಾಗುತ್ತೆ. ಮೂಳೆ ಕೂಡಿದರೂ ಎದ್ದು ಓಡಾಡೋಕೆ ಶಕ್ತಿ ಇರಲ್ಲ. ಮೂಳೆ ಮುರಿದಾಗಲೂ ಮೈಯನ್ನು ಸುಮ್ಮನೆ ಬಿಡಬಾರದು ಅಂತ ಬದುಕಿ ತೋರಿಸಿದವರು ಯೋಗಗುರು ತಿರುಮಲೈ ಕೃಷ್ಣಮಾಚಾರ್ಯ.

ಅವರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯಲ್ಲಿ. ಮೊದಲ ಯೋಗಪಾಠ ತಂದೆಯಿಂದಲೇ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡ ಮೇಲೆ ಮೈಸೂರಿಗೆ ಬಂದರು. ಮುಂದೆ ಕಾಶಿಯಲ್ಲೂ ಓದಿದರು. ಇಷ್ಟೆಲ್ಲ ಕಲಿತರೂ ಯೋಗದಿಂದ ಹೊಟ್ಟೆ ತುಂಬುವ ಕಾಲ ಅದಲ್ಲ. ಸಂಸಾರ ಸಾಗಿಸೋಕೆ ಹಾಸನ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡಿದರು.

ಅವರನ್ನು ಗುರುತಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಅವರ ಕನ್ನಡ ಪುಸ್ತಕ ‘ಯೋಗ ಮಕರಂದ’ ಬಂತು. ಜಗತ್ತಿಗೇ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರೇ. ಅಯ್ಯಂಗಾರ್ ಅವರ ಹೆಂಡತಿಯ ತಮ್ಮ ಕೂಡ ಹೌದು.

ಸ್ವಾತಂತ್ರ್ಯದ ನಂತರ ಅರಮನೆಯ ಆಸರೆ ತಪ್ಪಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಆಗ ಅವರಿಗೆ ಅರವತ್ತು ದಾಟಿತ್ತು. ಪಾರ್ಶ್ವವಾಯು ಹೊಡೆದಿದ್ದ ಒಬ್ಬ ವಕೀಲರ ಚೇತರಿಕೆಗೆ ನೆರವಾಗಲು ಮದ್ರಾಸಿಗೆ ಹೋದವರು ಅಲ್ಲೇ ನೆಲೆಸಿದರು. ಯೋಗಕ್ಕೆ ಮೈಯನ್ನು ಬಗ್ಗಿಸೋದಲ್ಲ, ಆಯಾ ಮೈಗೆ ತಕ್ಕಂತೆ ಯೋಗ ಕಲಿಸಬೇಕು ಅನ್ನೋದು ಅವರ ರೀತಿಯಾಗಿತ್ತು. ಉಸಿರಿನ ಜೊತೆ ಚಲನೆ ಹೊಂದಿಸೋದು ಆ ಪಾಠದ ಬುನಾದಿ.

96ನೇ ವಯಸ್ಸಿನಲ್ಲಿ ಅವರ ಸೊಂಟದ ಮೂಳೆಯೇ ಮುರಿಯಿತು. ಆಪರೇಷನ್ ಬೇಡವೆಂದು, ತಮ್ಮ ಚಿಕಿತ್ಸೆ ತಾವೇ ನೋಡಿಕೊಂಡರು. ಹಾಸಿಗೆಯಲ್ಲಿದ್ದುಕೊಂಡೇ ಮಾಡಬಹುದಾದ ಅಭ್ಯಾಸಗಳನ್ನು ತಮಗೆಂದೇ ಹೊಂದಿಸಿಕೊಂಡರು. ಬೇರೆಯವರಿಗೆ ಹೇಳಿಕೊಟ್ಟಿದ್ದನ್ನು ತಮ್ಮ ಮೈಗೇ ಅನ್ವಯಿಸಿಕೊಂಡರು. ನೂರು ವರ್ಷ ತುಂಬಿಸಿ, 1989ರ ಫೆಬ್ರವರಿ 28ರಂದು ತೀರಿಕೊಂಡರು.

ಹಾಗಂತ ಆಪರೇಷನ್ ಬೇಡ ಅನ್ನೋದನ್ನು ಯಾರೂ ಅನುಸರಿಸಬಾರದು. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಸಾಮಾನ್ಯವಾಗಿ ಬೇಗ ಆಪರೇಷನ್ ಮಾಡಿ, ಬೇಗ ಎಬ್ಬಿಸಿ ನಡೆಸೋದೇ ಇವತ್ತಿನ ಪದ್ಧತಿ. ತುಂಬಾ ದಿನ ಮಲಗಿದರೆ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಚಾರ್ಯರಿಂದ ಕಲಿಯಬೇಕಾದ್ದು, ಮೈಯ ಒಂದು ಭಾಗಕ್ಕೆ ಪೆಟ್ಟಾದರೆ ಇಡೀ ಮೈಗೆ ರಜೆ ಕೊಡಬಾರದು ಅನ್ನೋದನ್ನು.

ತೂಕದ ವಿಷಯವೂ ಅಷ್ಟೇ. ಓಡಾಟ ಕಮ್ಮಿಯಾದಾಗ ಮೊದಲಿನಷ್ಟೇ ತಿಂದರೆ ಬೊಜ್ಜು ಬರುತ್ತೆ. ಆದರೆ ತೂಕ ಇಳಿಸೋಕೆ ಉಪವಾಸ ಬಿದ್ದರೆ ಮೂಳೆ ಕೂಡೋದು ತಡವಾಗುತ್ತೆ. ಕಮ್ಮಿ ಮಾಡಬೇಕಾದ್ದು ಬೋಂಡ, ಬಜ್ಜಿ, ಸಿಹಿತಿಂಡಿ, ಸಕ್ಕರೆ ಹಾಕಿದ ಕಾಫಿ, ಟೀ. ಬಿಡಬಾರದ್ದು ಕಾಳು, ಬೇಳೆ, ಮೊಸರು, ಸೊಪ್ಪು, ತಿನ್ನುವವರಿಗೆ ಮೊಟ್ಟೆ. ನಮ್ಮ ಕಡೆಯ ರಾಗಿಯಂತೂ ಸುಣ್ಣದಂಶದ ಕಣಜ: 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚಿದೆ. ಮುದ್ದೆ ಇರಲಿ, ಗಾತ್ರ ಸ್ವಲ್ಪ ಸಣ್ಣದಿರಲಿ. ಬೀಡಿ, ಸಿಗರೇಟು ಬಿಡಲೇಬೇಕು, ಅವು ಮೂಳೆ ಕೂಡೋದನ್ನು ನಿಧಾನ ಮಾಡುತ್ತವೆ.

ಕಟ್ಟು ಹಾಕಿಸಿಕೊಂಡ ದಿನ ಅಂಗಡಿ ಬಾಗಿಲು ಯಾವಾಗ ತೆಗೆಯಬಹುದು ಅಂತ ಡಾಕ್ಟರನ್ನು ಕೇಳಿದರೆ ಸಾಲದು. ಅಲ್ಲಿವರೆಗೆ ಮಲಗಿದಲ್ಲೇ ಯಾವ ವ್ಯಾಯಾಮ ಮಾಡಬಹುದು ಅಂತಲೂ ಕೇಳಿಕೊಂಡು ಬನ್ನಿ.