ಲ್ಯಾಂಗ್‌ಮ್ಯೂರ್ ಮತ್ತು ಮೇಲ್ಮೈಯ ಆಸನಗಳು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕುರೆಕುಪ್ಪದ ಪ್ರೌಢಶಾಲೆಯೊಂದರ ಹತ್ತನೆಯ ತರಗತಿ. ಘಟಕ: ಕಾರ್ಬನ್ ಮತ್ತು ಅದರ ಸಂಯುಕ್ತಗಳು. ಕ್ರಿಯಾಗುಂಪುಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದೆ, ಮಕ್ಕಳು ನಕಲು ಮಾಡಿಕೊಂಡರು. ಇವುಗಳಿಂದ ನಮಗೇನು ಉಪಯೋಗ ಎಂದು ಒಬ್ಬ ಹುಡುಗಿ ಕೇಳಿದಾಗ ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. ಮರುದಿನ ಒಬ್ಬ ವಿಜ್ಞಾನಿಯ ಜೀವನದ ಮೂಲಕ ಉತ್ತರ ಹೇಳಿದೆ.

ಇರ್ವಿಂಗ್ ಲ್ಯಾಂಗ್‌ಮ್ಯೂರ್ 1881ರ ಜನವರಿ 31ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಅವರ ದೃಷ್ಟಿ ಮಂದವಾಗಿತ್ತು. ಹನ್ನೊಂದು ವರ್ಷದವರೆಗೆ ಅದು ಯಾರ ಗಮನಕ್ಕೂ ಬರಲಿಲ್ಲ. ಇದನ್ನು ಹೇಳುತ್ತಿರುವಾಗ ನನ್ನ ನೋಟ ಕೊನೆಯ ಬೆಂಚಿಗೆ ಹೋಯಿತು. ಹಲಗೆ ನೋಡದೆ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆಂದು ಅಲ್ಲಿದ್ದ ಹುಡುಗನನ್ನು ಹಿಂದಿನ ದಿನ ಗದರಿಸಿದ್ದೆ. ಮಾತು ಒಂದು ಕ್ಷಣ ತಡೆಯಿತು. ಪಾಠ ಮುಂದುವರಿಸಿದೆ.

ಲ್ಯಾಂಗ್‌ಮ್ಯೂರ್ 1903ರಲ್ಲಿ ಕೊಲಂಬಿಯಾದಲ್ಲಿ ಲೋಹಶಾಸ್ತ್ರದ ಪದವಿ, 1906ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. ಮೂರು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ, 1909ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯ ಸೇರಿದರು. ಬಲ್ಬಿನ ತಂತಿಯ ಮೇಲೆ ಅನಿಲಗಳು ಹೇಗೆ ಅಂಟುತ್ತವೆಂದು ಪರೀಕ್ಷಿಸುತ್ತಾ ಒಂದು ಸರಳ ಚಿತ್ರಕ್ಕೆ ಬಂದರು. ಮೇಲ್ಮೈಯಲ್ಲಿ ಲೆಕ್ಕದಷ್ಟೇ ಆಸನಗಳಿವೆ. ಒಂದು ಆಸನಕ್ಕೆ ಒಂದೇ ಅಣು. ಕೆಲವು ಬಂದು ಕೂರುತ್ತವೆ, ಕೆಲವು ಎದ್ದು ಹೋಗುತ್ತವೆ. ಬೆಂಚು ತುಂಬಿದ ಮೇಲೆ ಹೊಸಬರಿಗೆ ಜಾಗವಿಲ್ಲ. ಇದು ಅಧಿಶೋಷಣೆ.

1917ರಲ್ಲಿ ಅವರು ನೀರಿನ ಮೇಲೆ ಹರಡಿದ ಕೊಬ್ಬಿನ ಆಮ್ಲಗಳ ಪದರವನ್ನು ಅಳೆದ ವಿವರ ಪ್ರಕಟಿಸಿದರು. ಅಣುವಿನ ಬಾಲ ಉದ್ದವಿರಲಿ, ಗಿಡ್ಡವಿರಲಿ, ಪ್ರತಿ ಅಣು ಹಿಡಿದ ಜಾಗ ಹೆಚ್ಚುಕಡಿಮೆ ಒಂದೇ! ಅಂದರೆ ಅಣುಗಳು ಮಲಗಿಲ್ಲ, ನಿಂತಿವೆ. ನೀರನ್ನು ಹಿಡಿದುಕೊಂಡಿರುವುದು ತುದಿಯ ಕಾರ್ಬಾಕ್ಸಿಲ್ ಗುಂಪು. ಅಂಟುವುದು ಇಡೀ ಅಣುವಲ್ಲ, ಅದರ ಒಂದು ಭಾಗ ಎಂಬುದು ಹೀಗೆ ತಿಳಿಯಿತು. ಮೇಲ್ಮೈ ರಸಾಯನಶಾಸ್ತ್ರದ ಈ ಕೆಲಸಕ್ಕೆ 1932ರಲ್ಲಿ ನೊಬೆಲ್ ಬಂತು. 1957ರ ಆಗಸ್ಟ್ 16ರಂದು ಅವರು ತೀರಿಕೊಂಡರು.

ಇಲ್ಲಿಗೆ ಹುಡುಗಿಯ ಪ್ರಶ್ನೆಗೆ ಮರಳಿದೆ. ಬಳ್ಳಾರಿ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕುದಿಸಿದರೆ ಅದು ಹೋಗದು. ಕ್ರಿಯಾಶೀಲ ಅಲ್ಯೂಮಿನಾ ಕಣಗಳ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿವೆ. ನೀರು ತುಸು ಆಮ್ಲೀಯವಾಗಿದ್ದರೆ ಅವು ಧನಾವೇಶ ಪಡೆದು ಋಣಾವೇಶದ ಫ್ಲೋರೈಡನ್ನು ಸೆಳೆಯುತ್ತವೆ. ಹೈಡ್ರಾಕ್ಸಿಲ್ ಬಿಟ್ಟ ಜಾಗದಲ್ಲಿ ಫ್ಲೋರೈಡ್ ಕೂರುತ್ತದೆ. ನೀರು ಹೆಚ್ಚು ಕ್ಷಾರೀಯವಾದರೆ ಸೆಳೆತ ಕುಗ್ಗುತ್ತದೆ. ಇದ್ದಿಲಿನ ಕಾರ್ಬಾಕ್ಸಿಲ್ ಗುಂಪು ಹೈಡ್ರೋಜನ್ ಅಯಾನನ್ನು ಬಿಟ್ಟು ಋಣಾವೇಶ ಪಡೆದಾಗ ಸೀಸ, ತಾಮ್ರದಂಥ ಧನ ಅಯಾನುಗಳನ್ನು ಹಿಡಿಯುತ್ತದೆ. ಫ್ಲೋರೈಡ್ ಅದಕ್ಕೆ ಸುಲಭವಾಗಿ ಸಿಗದು. ಯಾವ ಗುಂಪು ಇದೆಯೋ ಅದಕ್ಕೆ ತಕ್ಕ ಅತಿಥಿ.

ಬಳಿಕ ತೊಳೆದ ಇದ್ದಿಲ ಪುಡಿಯ ಮೂಲಕ ಶಾಯಿ ನೀರನ್ನು ಸೋಸಿದೆವು. ಮೊದಲ ಲೋಟದ ಬಣ್ಣ ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಅದೇ ಪುಡಿಯಲ್ಲಿ ಸೋಸಿದ ನಾಲ್ಕನೆಯ ಲೋಟ ಸೋಸದ ನೀರಿನಷ್ಟೇ ಕಡುನೀಲಿ. ಕಾರಣವನ್ನು ನಾನು ಹೇಳುವ ಮೊದಲೇ, ಬೆಂಚು ತುಂಬಿತು ಸರ್ ಎಂದು ಮಕ್ಕಳೇ ಕೂಗಿದರು. ಶೋಧಕವನ್ನು ಕಾಲಕಾಲಕ್ಕೆ ಪುನಶ್ಚೇತನಗೊಳಿಸಬೇಕು, ಇಲ್ಲವೇ ಬದಲಿಸಬೇಕು ಎಂಬುದನ್ನು ಬೇರೆ ಹೇಳಬೇಕಾಗಲಿಲ್ಲ. ನಿಜವಾದ ಮೇಲ್ಮೈಯಲ್ಲಿ ಆಸನಗಳೆಲ್ಲ ಒಂದೇ ಬಗೆಯವಲ್ಲ, ಲ್ಯಾಂಗ್‌ಮ್ಯೂರ್ ಚಿತ್ರ ಸರಳೀಕರಣ ಎಂಬುದನ್ನು ಸೇರಿಸಿದೆ.

ಅಂದು ಸಂಜೆ ಆ ಹುಡುಗನ ವಿಷಯವನ್ನು ತರಗತಿ ಶಿಕ್ಷಕರಿಗೆ ತಿಳಿಸಿ, ಕಣ್ಣಿನ ತಪಾಸಣೆಗೆ ಕೇಳಿಕೊಂಡೆ. ಮರುದಿನ ಅವನನ್ನು ಮೊದಲ ಬೆಂಚಿಗೆ ಕರೆದೆ. ಅಂದು ಅವನು ಪಕ್ಕದವನ ಪುಸ್ತಕ ನೋಡಲಿಲ್ಲ. ನನ್ನ ಪಾಠಯೋಜನೆಯ ಮೊದಲ ಸಾಲು ಈಗ ಬದಲಾಗಿದೆ: ಬರೆಯುವ ಮೊದಲು, ಎಲ್ಲರಿಗೂ ಹಲಗೆ ಕಾಣುತ್ತಿದೆಯೇ ಎಂದು ಕೇಳಬೇಕು.